ಎಲ್ಲಿಗೂ ಹೋಗದೆ ಓಡಿದ ಮಾವ

ನನ್ನ ಸೋದರಮಾವ ಒಲಿಂಪಿಕ್ಸಿನಲ್ಲಿ ಓಡಿ ಗೆದ್ದವರು. ನೀವು ನಂಬುವುದಿಲ್ಲ, ಗೊತ್ತು. ಗೆದ್ದದ್ದು ಕಾಪುವಿನ ತಮ್ಮ ಮನೆಯ ಚಾವಡಿಯಲ್ಲಿ, ಬನಿಯನ್ ತೊಟ್ಟು, ಮುಂಡು ಎತ್ತಿ ಕಟ್ಟಿ, ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು ಎಂಬುದಷ್ಟೇ ವ್ಯತ್ಯಾಸ!

ಎಂಬತ್ತರ ದಶಕದ ಕೊನೆಯ ಮಾತು. ನಾನಾಗ ಅವರ ಮನೆಯಲ್ಲಿದ್ದುಕೊಂಡು ಉಡುಪಿಯ ಕಾಲೇಜಿಗೆ ಹೋಗುತ್ತಿದ್ದೆ. ಮಾವನದು ಬಟ್ಟೆ ಅಂಗಡಿ. ಮನೆಯ ಮುಂಭಾಗವೇ ಅಂಗಡಿಯಾದ್ದರಿಂದ ಗಾದಿಯಿಂದ ಊಟದ ಮಣೆಗೆ, ಮಣೆಯಿಂದ ಗಾದಿಗೆ, ಇಷ್ಟೇ ಅವರ ಲೋಕಸಂಚಾರ. ಎಣ್ಣೆಯಲ್ಲಿ ಕರಿದ ಗೋಳಿಬಜೆಯಂತೂ ತಾನಾಗಿಯೇ ಅವರಿದ್ದಲ್ಲಿಗೆ ಬರುತ್ತಿತ್ತು. ಹೀಗಿರಲು ಒಂದು ದಿನ ಎದೆ ಹಿಡಿದುಕೊಂಡಿತು. ಮಣಿಪಾಲದ ಡಾಕ್ಟರು, "ಈ ಸಲ ಬಚಾವಾದಿರಿ. ದಿನಾ ಬೆವರು ಬರುವಷ್ಟು ನಡೆಯಬೇಕು. ಇಲ್ಲದಿದ್ದರೆ ಇನ್ನೊಮ್ಮೆ ಇಲ್ಲಿಗೆ ಬಂದು ಮುಟ್ಟುವುದು ಕಷ್ಟ" ಎಂದರು. ಅತ್ತೆ ಅಲ್ಲಿಯೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾವ ಗಡಿಯಾರ ನೋಡಿದರು. ಕ್ಯಾಂಟೀನು ಮುಚ್ಚಿಬಿಟ್ಟರೆ?

ಆದರೂ ನಡೆದರು, ಸುಳ್ಳು ಹೇಳಬಾರದು. ಆದರೆ ನಮ್ಮೂರಿನಲ್ಲಿ ನಡೆಯುವುದು ಅಷ್ಟು ಸುಲಭವೇ? ಇಲ್ಲಿ ಎದುರು ಸಿಕ್ಕವರು ನಮಸ್ಕಾರ ಹೇಳುವುದಿಲ್ಲ, "ಎಲ್ಲಿಗೆ?" ಎಂದು ಕೇಳುತ್ತಾರೆ. ಅದೇ ನಮಸ್ಕಾರ. ಉತ್ತರ ಕೊಡುವುದು ಮರ್ಯಾದೆ. ಬ್ಯಾಂಕಿಗೆ, ಮದುವೆಗೆ, ಮೀನಿಗೆ, ಏನಾದರೊಂದು ಹೇಳಬೇಕು. ಎಲ್ಲಿಗೂ ಅಲ್ಲದೆ ನಡೆಯುವ ಮನುಷ್ಯ ಏನು ಹೇಳುತ್ತಾನೆ? ಮೊದಲ ದಿನ ಮಾವ ಸತ್ಯವನ್ನೇ ಹೇಳಿದರು: "ಎಲ್ಲಿಗೂ ಇಲ್ಲ." ಸಂಜೆಯೊಳಗೆ ಅವರು ಹೆಂಡತಿಯೊಡನೆ ಜಗಳವಾಡಿ ಮನೆ ಬಿಟ್ಟರೆಂಬ ಸುದ್ದಿ ಹಬ್ಬಿ, ಅತ್ತೆಯ ಅಕ್ಕ ಕಾರ್ಕಳದಿಂದ ಬಸ್ಸು ಹತ್ತಿ ಬಂದಿಳಿದರು, ರಾಜಿ ಮಾಡಿಸಲಿಕ್ಕೆ!

ಮರುದಿನದಿಂದ ಚೀಲ ಹಿಡಿದು "ಪೇಟೆಗೆ" ಎನ್ನತೊಡಗಿದರು. ಹಾಗೆ ಹೇಳಿದ ಮೇಲೆ ಬರಿಗೈಯಲ್ಲಿ ಬರುವುದುಂಟೇ? ವಾರದೊಳಗೆ ಮನೆಯ ಮೂಲೆ ಮೂಲೆಯಲ್ಲಿ ಸೌತೆಕಾಯಿ. ಆಮೇಲೊಂದು ದಿನ ಪಕ್ಕದ ದಿನಸಿ ಅಂಗಡಿಯ ಹಾಜಿಯವರು ಸ್ಕೂಟರ್ ನಿಲ್ಲಿಸಿದರು.

"ಎಲ್ಲಿಗೆ?"

"ಲೈಟ್‌ಹೌಸಿಗೆ."

"ಈ ಬಿಸಿಲಿಗೆ ನಡೆದುಕೊಂಡಾ? ನಾನು ಎಂತಕ್ಕೆ ಇರುವುದು ಮತ್ತೆ? ಹತ್ತಿ ಮಾರಾಯ್ರೆ!"

ಕರೆದುಕೊಂಡು ಹೋದರು. ಅಷ್ಟೇ ಆದರೆ ಪರವಾಗಿಲ್ಲ, ಕಾದು ನಿಂತು ವಾಪಸೂ ಕರೆತಂದರು. ಡಾಕ್ಟರು ಹೇಳಿದಂತೆ ಮಾವನಿಗೆ ಬೆವರು ಬಂದದ್ದು ಹೌದು, ಹಾಜಿಯವರು ಲಾರಿಗಳ ನಡುವೆ ಸ್ಕೂಟರ್ ನುಗ್ಗಿಸಿದ ರೀತಿಗೆ.

ಅಲ್ಲಿಗೆ ನಡಿಗೆ ಮುಗಿಯಿತು. ಅತ್ತೆ ಅತ್ತು ದುಬೈಯಲ್ಲಿದ್ದ ತಮ್ಮನಿಗೆ ಹೇಳಿಕೊಂಡರು. ಆ ಪುಣ್ಯಾತ್ಮ ರಜೆಯಲ್ಲಿ ಬರುವಾಗ ಟೀವಿಗೆ ಸಿಕ್ಕಿಸುವ ಆಟದ ಡಬ್ಬಿಯೊಂದನ್ನು ತಂದ. ಅದಕ್ಕೊಂದು ಪ್ಲಾಸ್ಟಿಕ್ ಚಾಪೆ. ಚಾಪೆಯ ಮೇಲೆ ನಿಂತಲ್ಲೇ ಓಡಿದರೆ ಟೀವಿಯೊಳಗಿನ ಒಲಿಂಪಿಕ್ಸಿನಲ್ಲಿ ಗೊಂಬೆ ಓಡುತ್ತದೆ. ಹಾರಿದರೆ ಅದೂ ಹಾರುತ್ತದೆ. ಮಾವನ ಮುಖ ಅರಳಿತು. ಓಡಬಹುದು, ಎಲ್ಲಿಗೆಂದು ಕೇಳುವವರಿಲ್ಲ!

ಮೊದಲ ದಿನದ ಓಟಕ್ಕೆ ಹಂಚು ನಡುಗಿತು. ಗೊಂಬೆಯ ಎದುರು ಬೇಲಿಯೊಂದು ಬಂದಾಗ ಮಾವನೂ ಹಾರಿದರು. ಗೊಂಬೆ ದಾಟಿತು, ಮಾವನ ಮುಂಡು ಜಾರಿತು. ಸದ್ದು ಕೇಳಿ ಹಾಜಿಯವರು ಬಾಗಿಲು ಬಡಿದರು. "ಎಂತ, ಟೀವಿ ಎದುರು ಭತ್ತ ಕುಟ್ಟುವುದಾ?"

ವಾರ ಕಳೆಯುವಷ್ಟರಲ್ಲಿ ಗೊಂಬೆ ಪದಕದ ಮೇಲೆ ಪದಕ ಗೆಲ್ಲತೊಡಗಿತು. ಸೀರೆ ಕೊಳ್ಳಲು ಬಂದವರಿಗೆ ಸೆರಗಿಗಿಂತ ಮೊದಲು ಪದಕದ ವರ್ಣನೆ. ತಿಂಗಳ ಬಳಿಕ ಡಾಕ್ಟರು "ನಡೆಯುತ್ತಿದ್ದೀರಾ?" ಎಂದು ಕೇಳಿದರೆ, "ನಡೆಯುವುದಾ? ಓಡುವುದು ಡಾಕ್ಟ್ರೇ! ನಿನ್ನೆಯೂ ಫಸ್ಟ್!" ಎಂದರು. ಡಾಕ್ಟರು ತೂಕದ ಯಂತ್ರ ನೋಡಿದರು, ಮಾವನನ್ನು ನೋಡಿದರು, ಇನ್ನೊಮ್ಮೆ ಯಂತ್ರ ನೋಡಿದರು. ತೂಕ ಏರಿತ್ತು. "ಹೀಗೇ ಆದರೆ ನಾನು ಹೊಣೆಯಲ್ಲ" ಎಂದಷ್ಟೇ ಹೇಳಿದರು.

ಗುಟ್ಟು ಬಯಲಾದದ್ದು ಮರುದಿನ. ಮಜ್ಜಿಗೆ ಕೊಡಲೆಂದು ಹೋದ ಅತ್ತೆಯ ಹಿಂದೆಯೇ ನಾನೂ ಇದ್ದೆ. ನಮ್ಮ ಓಟಗಾರರು ಆರಾಮಕುರ್ಚಿಯಲ್ಲಿ ಒರಗಿ, ಚಾಪೆಯನ್ನು ಎದುರಿನ ಸ್ಟೂಲಿನ ಮೇಲಿಟ್ಟುಕೊಂಡು, ಒಂದು ಕೈಯಲ್ಲಿ ಚೆಂಡೆ ಬಾರಿಸಿದಂತೆ ಬಾರಿಸುತ್ತಿದ್ದರು, ಗೊಂಬೆ ಓಡುತ್ತಿತ್ತು. ಇನ್ನೊಂದು ಕೈಯಲ್ಲಿ? ಗೋಳಿಬಜೆ!

ಅತ್ತೆ ಮಜ್ಜಿಗೆ ಇಟ್ಟು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಮಾವ ಚಾಪೆ ಹುಡುಕಿದರು. ಚಾವಡಿಯಲ್ಲಿಲ್ಲ, ಕೋಣೆಯಲ್ಲಿಲ್ಲ. ಅಂಗಳಕ್ಕೆ ಬಂದು ನೋಡಿದರೆ ದುಬೈಯಿಂದ ವಿಮಾನದಲ್ಲಿ ಬಂದ ಚಾಪೆ ಬಿಸಿಲಿನಲ್ಲಿ ಮಲಗಿದೆ, ಅದರ ತುಂಬ ಹಲಸಿನ ಹಪ್ಪಳ!

"ಏ! ಕರೆಂಟಿನ ಚಾಪೆ ಮಾರಾಯ್ತಿ ಅದು! ಹಾಳಾಗ್ತದೆ!"

"ಆಗಲಿ. ಹಪ್ಪಳವಾದರೂ ಒಣಗಲಿ."

"ನನ್ನ ಎಕ್ಸರ್‌ಸೈಜಿನ ಗತಿ ಎಂತ?"

ಅತ್ತೆ ಕೈಯಲ್ಲಿದ್ದ ಹಪ್ಪಳವನ್ನು ಹರಡಿ, ತಲೆಯೆತ್ತಿದರು. "ಗೊಂಬೆಯ ಆರೋಗ್ಯಕ್ಕೆ ಏನೂ ತೊಂದರೆ ಇಲ್ಲ. ಅದು ನೂರು ವರ್ಷ ಬದುಕುತ್ತದೆ. ನೀವು ಹೋದ ಮೇಲೆ ನಾನು ಅದಕ್ಕೆ ಬಡಿಸುವುದಾ?" ಎಂದರು. ಹಿಟ್ಟು ಮೆತ್ತಿದ ಕೈಯಿಂದ ಕಣ್ಣೊರೆಸಲಾಗದೆ ಹಾಗೆಯೇ ಕುಳಿತರು.

ಮಾವ ಒಳಗೆ ಹೋದರು. ಆಮೇಲೆ ಅಂಗಿ ತೊಟ್ಟು ಬಂದು, ಚಪ್ಪಲಿ ಮೆಟ್ಟಿ, "ಕೈ ತೊಳೆದುಕೊಂಡು ಬಾ" ಎಂದರು.

"ಎಲ್ಲಿಗೆ?" ಎಂದು ಅತ್ತೆಯೇ ಕೇಳಿಬಿಟ್ಟರು! ಊರಿನ ಅಭ್ಯಾಸ ಎಲ್ಲಿಗೆ ಹೋಗುತ್ತದೆ?

ಮಾವ ಹೊರಟರು. ಕಾಲೇಜಿನ ಬಸ್ಸಿಗೆ ಹೊರಟಿದ್ದ ನಾನು ಅವರ ಹಿಂದೆಯೇ ಇದ್ದೆ. ಗಂಡಹೆಂಡಿರು ಕೆಲಸವಿಲ್ಲದೆ ಜೊತೆಯಾಗಿ ರಸ್ತೆಯಲ್ಲಿ ನಡೆದರೆ ಜನ ಏನೆಂದಾರು ಎಂದು ಅತ್ತೆ ನಾಚಿ, ಬೇಕೆಂದೇ ಹಿಂದೆ ಉಳಿಯುತ್ತಿದ್ದರು. ಮಾವ ಮುಂದೆ, ಕೈಯಲ್ಲಿ ಚೀಲವೂ ಇಲ್ಲ. ತಿರುವಿನಲ್ಲಿ ಹಾಜಿಯವರ ಸ್ಕೂಟರ್ ನಿಂತಿತು.

"ಎಲ್ಲಿಗೆ?"

ನನಗೆ ನಗು ತಡೆಯಲಾಗಲಿಲ್ಲ. ಇನ್ನೇನು, ಸೌತೆಕಾಯಿಯೋ ಲೈಟ್‌ಹೌಸೋ ಎಂದು ಕಾದೆ. ಮಾವ ತಿರುಗಿ, ಅತ್ತೆ ತಮ್ಮ ಹತ್ತಿರ ಬಂದು ಮುಟ್ಟುವವರೆಗೆ ಕಾದು ನಿಂತರು.

"ಎಲ್ಲಿಗೂ ಇಲ್ಲ ಹಾಜಿಯವರೇ," ಎಂದರು. "ಇವಳೊಟ್ಟಿಗೆ."

ಹಾಜಿಯವರು ಇಬ್ಬರನ್ನೂ ನೋಡಿ, "ಹಾಗಾದರೆ ಸರಿ" ಎಂದು ಸ್ಕೂಟರ್ ಬದಿಗೆ ಸರಿಸಿ ದಾರಿ ಬಿಟ್ಟರು. "ಹತ್ತಿ ಮಾರಾಯ್ರೆ" ಎನ್ನಲಿಲ್ಲ.