ಸೋಲಾರ್ ಮೇಲೆ ಶಾವಿಗೆ

ಇಂಗಳೇಶ್ವರದ ಆಚೆ, ಹೊಲದ ನಡುವೆ ನಮ್ಮ ಮನೆ. ಕರೆಂಟಿನ ಕಂಬಗಳು ಅರ್ಧ ದಾರಿಯಲ್ಲೇ ದಣಿದು ನಿಂತಿವೆ. ಹಾಗಾಗಿ ಮಾಳಿಗೆಯ ಮೇಲೆ ನಾಲ್ಕು ಸೋಲಾರ್ ಫಲಕ ಹಾಕಿಸಿದೆ. ಅಂದಿನಿಂದ ಸೂರ್ಯ ನಮ್ಮ ಮನೆಯವನೇ ಆಗಿಬಿಟ್ಟ! ಜೋಳದ ತೆನೆಗಳ ಹಿಂದೆ ಅವನು ಕೆಂಪಗೆ ಏಳುವಾಗ, ಬಂದನಲ್ಲ ಎಂದು ಸಮಾಧಾನಪಡುತ್ತಿದ್ದೆ.

ಅವತ್ತು ಹೆಂಡತಿ ಶಾಂತಾ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಪಕ್ಕದ ಹೊಲದ ದಸ್ತಗೀರಸಾಬರ ಮಗಳ ಮದುವೆ ಮರುದಿನವೇ, ಮನಗೂಳಿಯಲ್ಲಿ. ಮದುಮಗಳ ಜರಿ ಕುಪ್ಪಸ ಸಂಜೆಯೊಳಗೆ ಮುಗಿಯಬೇಕು. ನಮ್ಮ ಬ್ಯಾಟರಿಗೆ ಮುಪ್ಪು. ಬಿಸಿಲು ಹೋದರೆ ಯಂತ್ರದ ಮೋಟರು ಅರ್ಧ ತಾಸಷ್ಟೇ ತಿರುಗುತ್ತಿತ್ತು.

"ರೀ, ಹಸಿ ಶಾವಿಗಿ ಐತಿ. ಒಣಾಕ ಹಾಕ್ರಿ. ಆಡು ಬಾಯಿ ಹಾಕದಂಗ ನೋಡ್ಕೋರಿ" ಎಂದಳು.

ಮಾಳಿಗೆ ಹತ್ತಿದೆ. ಫಲಕಗಳು ನುಣ್ಣಗೆ, ಬೆಚ್ಚಗೆ ಮಲಗಿದ್ದವು. ಆಹಾ! ಶಾವಿಗೆಗೆ ಇದಕ್ಕಿಂತ ಒಳ್ಳೆಯ ಹಾಸಿಗೆ ಲೋಕದಲ್ಲಿ ಉಂಟೆ? ನಾಲ್ಕೂ ಫಲಕ ಮುಚ್ಚುವಂತೆ ಧೋತರ ಹಾಸಿ, ಶಾವಿಗೆ ಹರಡಿ, ಕೆಳಗಿಳಿದು ಬೇವಿನ ನೆರಳಲ್ಲಿ ಮಲಗಿದೆ.

ಗಾಳಿ ತಣ್ಣಗೆ ಬೀಸುತ್ತಿತ್ತು. ಕನಸೂ ಬಿತ್ತು. ನಮ್ಮ ಮಾಳಿಗೆಯಿಂದ ಬೆಳಕು ಹಾಲಿನಂತೆ ಹರಿದು ಇಂಡಿ, ಸಿಂದಗಿ, ಮುದ್ದೇಬಿಹಾಳದ ಬೀದಿಗಳನ್ನೆಲ್ಲ ತುಂಬುತ್ತಿದೆ. ಜನ ಸಾಲುಗಟ್ಟಿ ನಿಂತು ನನಗೆ ಹಾರ ಹಾಕುತ್ತಿದ್ದಾರೆ. ವೇದಿಕೆಯ ಮೇಲೆ ನಾನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಮೈಕು ಕುಂಯ್ ಎಂದಿತು.

ಮೈಕಲ್ಲ, ಇನ್ವರ್ಟರು!

"ಮಷಿನ್ ನಿಂತತ್ರಿ!" ಶಾಂತಾ ಕೂಗಿದಳು. "ಇನ್ನೂ ಒಂದು ತೋಳು ಬಾಕಿ ಐತಿ!"

"ಗಾಬರಿ ಆಗಬ್ಯಾಡ. ನಾ ಅದೇನಿ" ಎಂದೆ.

ಗಾಬರಿಯಾಗಬೇಕಾದ್ದು ಅದಕ್ಕೇ ಎಂದು ಆಗ ಇಬ್ಬರಿಗೂ ಹೊಳೆಯಲಿಲ್ಲ. ಬ್ಯಾಟರಿಗೆ ನೀರು ಹಾಕಿದೆ. ಸಾಲಲಿಲ್ಲ. ಸ್ವಿಚ್ಚುಗಳನ್ನೆಲ್ಲ ಒತ್ತಿದೆ. ಉತ್ತರವಿಲ್ಲ. ಕೊನೆಗೆ ಇನ್ವರ್ಟರನ್ನೇ ಬಿಚ್ಚಿ, ಅದರ ಅಂಗಾಂಗಗಳನ್ನು ಚಾಪೆಯ ಮೇಲೆ ಸಾಲಾಗಿ ಜೋಡಿಸಿದೆ. ನೋಡಲು ಬಹಳ ಚೆಂದವಿತ್ತು. ಯಾವುದು ಎಲ್ಲಿಯದೆಂಬುದು ಮಾತ್ರ ಮರೆತಿತ್ತು!

ಆಗ ಆಡುಗಳನ್ನು ಹೊಡೆದುಕೊಂಡು ದಸ್ತಗೀರಸಾಬರು ಬಂದರು. ಮೇಲೆ ನೋಡಿದರು.

"ಸರ, ಮಾಳಗಿ ಮ್ಯಾಲ ಅದೇನು ಹಾಸೀರಿ?"

"ಧೋತರ. ಶಾವಿಗಿ ಒಣಗ್ಸಾಕತ್ತೇನ್ರಿ" ಎಂದೆ ಹೆಮ್ಮೆಯಿಂದ.

ಅವರು ಮೆಲ್ಲಗೆ ಹೇಳಿದರು: "ಕೆಳಗಿನ ಸೋಲಾರಿಗೆ ಬಿಸಿಲ ಕಾಣವಲ್ದು. ಕರೆಂಟ್ ಎಲ್ಲಿಂದ ಬರಬೇಕ್ರಿ?"

ಒಂದೇ ಉಸಿರಿಗೆ ಏಣಿ ಹತ್ತಿ ಧೋತರ ಎಳೆದೆ. ಶಾವಿಗೆ ಅಂಗಳಕ್ಕೆ ಮಳೆಯಂತೆ ಸುರಿಯಿತು. ಆಡುಗಳು ತಲೆ ಎತ್ತಿದವು; ಮತ್ತೆ ತಗ್ಗಿಸಿದ ತಲೆಗಳನ್ನು ಶಾವಿಗೆ ಮುಗಿಯುವವರೆಗೂ ಎತ್ತಲಿಲ್ಲ. ಫಲಕಗಳೇನೋ ಝಗಝಗಿಸಿದವು, ಆದರೆ ಇನ್ವರ್ಟರು ಚಾಪೆಯ ಮೇಲಿತ್ತಲ್ಲ!

ಶಾಂತಾ ನನ್ನನ್ನು ಬೈಯಲಿಲ್ಲ. ಅದರಿಂದಲೇ ಭಯವಾಯಿತು. ದಸ್ತಗೀರಸಾಬರ ಹೆಂಡತಿಯನ್ನು ಕರೆಸಿಕೊಂಡಳು. ಇಬ್ಬರೂ ಹೊಸ್ತಿಲಲ್ಲಿ ಕೂತು, ಇಳಿಬಿಸಿಲಿನ ಹೊಂಬೆಳಕಲ್ಲಿ ನಗುತ್ತ ಮಾತಾಡುತ್ತ ಕೈಯಲ್ಲೇ ತೋಳು ಹೊಲಿದರು. ಯಾತಕ್ಕೆ ನಗುತ್ತಾರೆಂದು ನಾನು ಕೇಳಲಿಲ್ಲ.

ಮರುದಿನ ಮದುಮಗಳ ಕುಪ್ಪಸ ನಕ್ಷತ್ರದಂತೆ ಮಿನುಗಿತು. ಊಟದ ಪಂಕ್ತಿಯಲ್ಲಿ ಪಕ್ಕದ ಹಿರಿಯರೊಬ್ಬರು ನನ್ನತ್ತ ತಿರುಗಿ, "ತಾವು ಏನ್ ಕೆಲಸ ಮಾಡ್ತೀರಿ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಎದುರು ಸಾಲಿನಿಂದ ಶಾಂತಾ ಗಟ್ಟಿಯಾಗಿ ಹೇಳಿದಳು:

"ಹೈಸ್ಕೂಲಿನ್ಯಾಗ ವಿಜ್ಞಾನ ಕಲಿಸ್ತಾರ್ರಿ!"

ನಾನು ತಟ್ಟೆಯಲ್ಲಿದ್ದ ಸೌತೆಕಾಯಿಯನ್ನು ಅತ್ಯಂತ ಗಂಭೀರವಾಗಿ ಪರಿಶೀಲಿಸತೊಡಗಿದೆ.