ಪಟ್ಟದ ಗೊಂಬೆ ಮತ್ತು ಲಘಿಮಾ ಯಂತ್ರ

"ಇನ್ನು ಪ್ರಪಂಚದಲ್ಲಿ ಯಾವ ಈಮೇಲೂ 'ಹೋಗಲ್ಲ' ಅಂತ ಹಟ ಮಾಡೋ ಹಾಗಿಲ್ಲ!" ಎಂದು ಶ್ರೀಕಂಠಯ್ಯನವರು ನಡುಮನೆಯಲ್ಲಿ ನಿಂತು ಘೋಷಿಸಿದರು.

ಕೇಳಲು ಇದ್ದವರು ಅವರ ಹೆಂಡತಿ ಅಂಬುಜಾಕ್ಷಿ ಒಬ್ಬರೇ. ಅವರೂ ಗುಗ್ಗರಿಗೆ ಕಾಯಿ ತುರಿಯುತ್ತ ಗಡಿಯಾರ ನೋಡುತ್ತಿದ್ದರು. ಗಂಟೆ ನಾಲ್ಕಾಗಿತ್ತು.

ಶ್ರೀಕಂಠಯ್ಯನವರು ಮೂವತ್ತಮೂರು ವರ್ಷ ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ತೂಕ ಹಾಕಿ ನಿವೃತ್ತರಾದವರು. ನಿವೃತ್ತಿಯಾದ ಮರುದಿನದಿಂದಲೇ ವಿಜ್ಞಾನಿ. ಹೋದ ವರ್ಷ ಅವರು ಮಾಡಿದ 'ತಾನೇ ಮಗುಚುವ ಕಾವಲಿ' ಎಸೆದ ದೋಸೆಯ ಗುರುತು ನಂಜನಗೂಡಿನ ಆ ಮನೆಯ ಅಡಿಗೆಕೋಣೆಯ ಮಾಳಿಗೆಯಲ್ಲಿ ಇವತ್ತಿಗೂ ದುಂಡಗೆ ಇದೆ. ಹೊಸ ಯಂತ್ರ ನೋಡಲು ಅಷ್ಟೇನೂ ಭಯಂಕರವಾಗಿರಲಿಲ್ಲ. ಹರಾಜಿನಲ್ಲಿ ತಂದ ಹಿತ್ತಾಳೆ ತಕ್ಕಡಿ, ಅದಕ್ಕೊಂದು ಹೊಲಿಗೆ ಯಂತ್ರದ ಹಿಡಿ, ನಾಲ್ಕಾರು ತಂತಿ, ತಂತಿಯ ತುದಿಗೆ ಮಾವಿನಮಿಡಿ ಉಪ್ಪಿನಕಾಯಿಯ ಖಾಲಿ ಭರಣಿ.

"ಹೆಸರು ಲಘಿಮಾ! ಅಷ್ಟಸಿದ್ಧಿಗಳಲ್ಲಿ ಒಂದು, ಹಗುರಾಗೋ ಸಿದ್ಧಿ. ಪಾರ್ಸೆಲ್ ಯಾಕೆ ಹೋಗಲ್ಲ? ತೂಕ ಜಾಸ್ತಿ ಇದ್ದರೆ ಹೋಗಲ್ಲ. ಅಟ್ಯಾಚ್‌ಮೆಂಟ್ ಅಂದ್ರೂ ಅಷ್ಟೇ ಕಣೇ, ಪತ್ರಕ್ಕೆ ಕಟ್ಟಿದ ಪಾರ್ಸೆಲ್ಲು. ಮೊಬೈಲ್ ತಕ್ಕಡೀಲಿ ಇಡು, ಹಿಡಿ ತಿರುಗಿಸು, ಹೆಚ್ಚಿನ ಭಾರ ತಂತಿಯಲ್ಲಿ ಹರಿದು ಭರಣಿಗೆ ಬರುತ್ತೆ!"

"ಫೋಟೋದಲ್ಲಿ ಎಂಥ ಭಾರ ರೀ?"

"ಅದನ್ನೇ ನಾನು ಕಂಡುಹಿಡಿದಿರೋದು!"

ಅವರು ಹಿತ್ತಲಿನ ರುಬ್ಬುಗುಂಡಿನ ಒಂದು ಫೋಟೋ ತೆಗೆದು ಈಮೇಲಿಗೆ ಸೇರಿಸಿದರು. ಮೊಬೈಲನ್ನು ತಕ್ಕಡಿಯಲ್ಲಿಟ್ಟು ಹಿಡಿಯನ್ನು ಹತ್ತು ಸುತ್ತು ತಿರುಗಿಸಿ ಬಟನ್ ಒತ್ತಿದರು. ಟಿಣ್! ಹೋಯಿತು. ಒಂದೇ ಒಂದು ಫೋಟೋ, ಹಿಡಿ ತಿರುಗಿಸದಿದ್ದರೂ ಹೋಗುತ್ತಿತ್ತು. ಆದರೆ ಗೆದ್ದ ವಿಜ್ಞಾನಿಗೆ ಅದನ್ನೆಲ್ಲ ಹೇಳುವವರು ಯಾರು?

ಅಷ್ಟರಲ್ಲಿ ಹಿತ್ತಲ ಚಪ್ಪರಕ್ಕೆ ಏನೋ ಢಬ್ ಎಂದು ಬಡಿಯಿತು. ಅಂಬುಜಾಕ್ಷಿ ಹೋಗಿ ನೋಡಿದರೆ ಹದಿನೆಂಟು ಕಿಲೋ ರುಬ್ಬುಗುಂಡು ಒರಳು ಬಿಟ್ಟು ಮೇಲೆದ್ದು, ಹೀರೆಬಳ್ಳಿಯ ನಡುವೆ ತೇಲುತ್ತಿತ್ತು.

"ರೀ, ರುಬ್ಬುಗುಂಡು ಹಾರ್ತಿದೆ!"

"ಹಾರಲಿ ಬಿಡೇ, ಈಮೇಲ್ ಹೋಯ್ತಲ್ಲ!"

ಬೇರೆ ದಿನವಾಗಿದ್ದರೆ ಅಂಬುಜಾಕ್ಷಿ ಆ ತಕ್ಕಡಿಯನ್ನು ಅಲ್ಲೇ ಕಪಿಲಾ ನದಿಗೆ ಎಸೆದು ಬರುತ್ತಿದ್ದರು. ಇವತ್ತು ಅವರ ಕೈ ಕಟ್ಟಿತ್ತು. ಊರಿನ ವನಿತಾ ಸಮಾಜದ ದಸರಾ ಗೊಂಬೆ ಸ್ಪರ್ಧೆಗೆ ಹತ್ತು ಫೋಟೋ ಕಳಿಸಲು ಸಂಜೆ ಐದೇ ಕೊನೆ. ಮಧ್ಯಾಹ್ನದಿಂದ ಏಳು ಸಲ ಕಳಿಸಿದ್ದರು. ಏಳು ಸಲವೂ ಚಕ್ರ ಸುತ್ತಿ ಸುತ್ತಿ, 'ಅಟ್ಯಾಚ್‌ಮೆಂಟ್ ಗಾತ್ರ ಮಿತಿ ಮೀರಿದೆ' ಎಂದು ವಾಪಸ್ ಬಂದಿತ್ತು.

ಎದುರುಮನೆ ವಿಮಲಮ್ಮ ಸತತ ಒಂಬತ್ತು ವರ್ಷದಿಂದ ಮೊದಲ ಬಹುಮಾನ ಹೊಡೆಯುತ್ತಿದ್ದರು. ಅಂಬುಜಾಕ್ಷಿಗೆ ಬಹುಮಾನದ ಸ್ಟೀಲ್ ಡಬ್ಬಿ ಬೇಕಿರಲಿಲ್ಲ. ಗೆದ್ದವರ ಪಟ್ಟದ ಗೊಂಬೆಯ ಫೋಟೋ ಒಂದು ವರ್ಷ ಸಮಾಜದ ಗೋಡೆಯ ಮೇಲೆ ಇರುತ್ತದೆ, ಅವರಿಗೆ ಬೇಕಿದ್ದದ್ದು ಅದು. ಮೇಲಿನ ಮೆಟ್ಟಿಲಲ್ಲಿ ಕೂತ ಅವರ ರಾಜರಾಣಿ ಗೊಂಬೆಗಳು ಅಜ್ಜಿಯ ಮದುವೆಯಲ್ಲಿ ಬಂದವು. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಇವರಿಗೆ. ಅಮ್ಮ ಹೋಗುವ ವರ್ಷವೂ ಹಾಸಿಗೆಯಲ್ಲೇ ಕೂತು ರಾಣಿಗೆ ಹೊಸ ಸೀರೆ ಉಡಿಸಿದ್ದರು. 'ನಮ್ಮ ರಾಣೀನ ನಾಲ್ಕು ಜನ ನೋಡಬೇಕು ಕಣೇ' ಎಂದಿದ್ದರು.

"ನನ್ನ ಗೊಂಬೆಗಳಿಗೆ ಏನಾದರೂ ಆದರೆ..." ಎಂದು ಅಂಬುಜಾಕ್ಷಿ ತಮ್ಮ ಮೊಬೈಲನ್ನು ಎದೆಗೆ ಅವುಚಿಕೊಂಡರು.

"ಏನೂ ಆಗಲ್ಲ! ಗುಂಡುಕಲ್ಲಿಗೆ ಹತ್ತು ಸುತ್ತು ಜಾಸ್ತಿಯಾಯ್ತು, ಒಪ್ಕೋತೀನಿ. ಗೊಂಬೆಗೆ ಎರಡೇ ಸುತ್ತು. ಗಂಟೆ ನೋಡು, ನಾಲ್ಕೂಕಾಲು!"

ಅಂಬುಜಾಕ್ಷಿ ಮೊಬೈಲ್ ಕೊಟ್ಟರು. ಕೊಡುವಾಗಲೇ ಅವರಿಗೆ ತಾವು ತಪ್ಪು ಮಾಡುತ್ತಿರುವುದು ಗೊತ್ತಿತ್ತು.

ಎರಡು ಸುತ್ತಿಗೆ ಮಣ್ಣಿನ ಆನೆಗಳು ಸೊಂಡಿಲೆತ್ತಿಕೊಂಡು ಮೆಟ್ಟಿಲು ಬಿಟ್ಟವು. ಶೆಟ್ಟಿ ಗೊಂಬೆ ತನ್ನ ಬೇಳೆಕಾಳಿನ ಬಟ್ಟಲುಗಳ ಸಮೇತ ಹೊರಟಿತು. ಪಕ್ಕದಲ್ಲಿ ಮರೆತಿಟ್ಟಿದ್ದ ಅಂಬುಜಾಕ್ಷಿಯ ಕನ್ನಡಕವೂ ಫೋಟೋದಲ್ಲಿ ಬಿದ್ದಿತ್ತು, ಅದೂ ಹಿಂದೆಯೇ ಎದ್ದಿತು. ಮೆಟ್ಟಿಲನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದರಿಂದ ಅದೊಂದು ಉಳಿಯಿತು.

ಮೊಬೈಲ್ ಮಾತ್ರ ಚಕ್ರ ಸುತ್ತಿಸಿ, 'ಮಿತಿ ಮೀರಿದೆ' ಎಂದಿತು.

"ನಿಲ್ಲಿಸಿ ರೀ! ಸಾಮಾನೆಲ್ಲ ಹಾರ್ತಿದೆ, ಈಮೇಲ್ ಅಲ್ಲೇ ಕೂತಿದೆ!"

"ಅಂದ್ರೆ ಇನ್ನೂ ಭಾರ ಉಳಿದಿದೆ ಅಂತ ಅರ್ಥ! ಪಾರ್ಸೆಲ್ ಆಫೀಸಿನ ಮೊದಲನೇ ಪಾಠ ಅದು!" ಎಂದು ಶ್ರೀಕಂಠಯ್ಯನವರು ಗರಗರನೆ ಹಿಡಿ ತಿರುಗಿಸಿದರು. ತಿರುಗಿಸುತ್ತ ತಿರುಗಿಸುತ್ತ ಅವರ ಚಪ್ಪಲಿ ನೆಲದಲ್ಲೇ ಉಳಿಯಿತು, ಕಾಲು ಉಳಿಯಲಿಲ್ಲ.

ಮೂರನೆಯ ಫೋಟೋ ತೆಗೆಯುವಾಗ ಬೆಳಕು ಸಾಲದೆಂದು ಟಾರ್ಚ್ ಹಿಡಿದು ಮೂಲೆಯಲ್ಲಿ ನಿಂತು, ಫೋಟೋದಲ್ಲೂ ಬಿದ್ದಿದ್ದವರು ಅವರೇ. ಈಗ ಅದೇ ಕೊಳೆ ಬನಿಯನ್‌ನಲ್ಲಿ ಮೇಲೇರಿ, ಮಾಳಿಗೆಯಿಂದ ಇಳಿಬಿಟ್ಟ ಮಡಿಬಟ್ಟೆಯ ಗಳುವಿಗೆ ಜೋತುಬಿದ್ದರು.

"ಅಂಬುಜಾ, ಗಾಬರಿಯಾಗಬೇಡ! ಪ್ರಯೋಗ ಅರ್ಧ ಯಶಸ್ವಿಯಾಗಿದೆ!"

"ಯಾವ ಅರ್ಧ ರೀ?"

ಉತ್ತರ ಬರುವ ಮೊದಲೇ ಕಿಟಕಿಯಿಂದ ಒಂದು ತಟ್ಟೆ ಉಸಲಿ ಒಳಗೆ ಬಂತು. ತಟ್ಟೆಯ ಹಿಂದೆ ಒಂದು ಕೈ, ಕೈಯ ಹಿಂದೆ ಎಂಬತ್ತೆರಡು ಕಿಲೋ ವಿಮಲಮ್ಮ, ಅಡ್ಡಡ್ಡಲಾಗಿ! ಎಂಟನೆಯ ಫೋಟೋದ ಕಿಟಕಿಯಲ್ಲಿ ಅವರು ಇಣುಕುತ್ತಿದ್ದರು. ಇಣುಕುವುದು ಅವರ ದಿನನಿತ್ಯದ ಅಭ್ಯಾಸ, ಹಾಗಾಗಿ ಫೋಟೋ ತೆಗೆಯುವಾಗ ಯಾರೂ ಗಮನಿಸಿರಲಿಲ್ಲ.

"ಅಯ್ಯೋ ಅಂಬುಜಾಕ್ಷಿ, ನಾನು ಬರಬೇಕು ಅಂತ ಬರಲಿಲ್ಲ ಕಣೇ! ಜಗಲೀಲಿ ಕೂತಿದ್ದೆ, ಹಾಗೇ ಬಂದುಬಿಟ್ಟೆ!" ಎನ್ನುತ್ತ ವಿಮಲಮ್ಮ ಶ್ರೀಕಂಠಯ್ಯನವರ ಪಕ್ಕದಲ್ಲೇ ಗಳುವನ್ನು ಹಿಡಿದುಕೊಂಡರು.

"ಸ್ವಲ್ಪ ಆ ಕಡೆ ಸರೀರಿ ವಿಮಲಮ್ಮ, ಗಳು ಹಳೇದು."

"ನನ್ನ ಹತ್ರ ಈಗ ತೂಕ ಎಲ್ಲಿದೆ ಮುರಿಯೋಕೆ? ನೀವೇ ತಾನೇ ತೆಗೆದಿರೋದು!"

ಅಂಬುಜಾಕ್ಷಿ ಇಬ್ಬರನ್ನೂ ಕೇಳಿಸಿಕೊಳ್ಳಲಿಲ್ಲ. ಮೇಲಿನ ಮೆಟ್ಟಿಲಿನಿಂದ ರಾಜ ಮೆಲ್ಲಗೆ ಎದ್ದಿದ್ದ. ರಾಣಿಯೂ ಎದ್ದಿದ್ದಳು. ಒಮ್ಮೆ ಕೂತ ಪಟ್ಟದ ಗೊಂಬೆ ವಿಜಯದಶಮಿಗೆ ಮುಂಚೆ ಏಳಬಾರದು. ಅಜ್ಜಿಯ ಕಾಲದಿಂದ ಅದು ತಪ್ಪಿರಲಿಲ್ಲ. ಅಂಬುಜಾಕ್ಷಿ ಸ್ಟೂಲು ಹತ್ತಿ ಎರಡನ್ನೂ ಹಿಡಿದು ಸೆರಗಿನಲ್ಲಿ ಕಟ್ಟಿಕೊಂಡರು. ಅವು ಸೆರಗನ್ನು ಮೇಲಕ್ಕೆ ಎಳೆಯುತ್ತಿದ್ದವು. ಅವರಿಗೆ ಅಳುವೇ ಬಂದುಬಿಟ್ಟಿತು.

"ಅಮ್ಮ ಒಂದೇ ಒಂದು ಮಾತು ಹೇಳಿದ್ದಳು. ಅದೂ ನನ್ನ ಕೈಲಿ ಆಗಲಿಲ್ಲ!"

ವಿಮಲಮ್ಮ ಮೇಲಿನಿಂದಲೇ ಕತ್ತು ಬಗ್ಗಿಸಿ ಸೆರಗಿನೊಳಗೆ ನೋಡಿದರು. ಅವರು ಆ ಮನೆಯ ಗೊಂಬೆಗಳನ್ನು ಕಿಟಕಿಯಿಂದ ನೋಡಿದ್ದರೇ ಹೊರತು ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

"ಎಂಥ ಕಳೆ ಕಣೇ ಆ ರಾಣಿ ಮುಖದಲ್ಲಿ! ನನ್ನವೆಲ್ಲ ಅಂಗಡಿಯವು. ಪ್ರತಿ ವರ್ಷ ಹೊಸಾವು ತಂದು ಗೆಲ್ತೀನಿ, ನಂಗೊತ್ತಿಲ್ವಾ. ಅದಿರಲಿ, ನಿನ್ನ ಫೋಟೋ ಹೋಗಲಿಲ್ಲ ಅಂತ ಇಷ್ಟೆಲ್ಲಾನಾ? ಹತ್ತನ್ನೂ ಒಟ್ಟಿಗೆ ಕಟ್ಟಿದ್ಯಾ?"

"ಹೂಂ, ಒಂದೇ ಈಮೇಲಿಗೆ."

"ನಂಗೂ ಹೋದ ವರ್ಷ ಹಿಂಗೇ ಆಗಿತ್ತು. ಒಂದು ಈಮೇಲಿಗೆ ಒಂದೇ ಫೋಟೋ ಹಾಕು, ಹತ್ತು ಸಲ ಕಳಿಸು. ಸಲೀಸಾಗಿ ಹೋಗುತ್ತೆ!"

ಅಂಬುಜಾಕ್ಷಿ ತಲೆಯೆತ್ತಿ ಗಂಡನ ಮುಖ ನೋಡಿದರು. ಶ್ರೀಕಂಠಯ್ಯನವರು ಗೋಡೆ ನೋಡಿದರು.

"ಅದು ಹಳೇ ಪದ್ಧತಿ," ಎಂದರು.

ಸಿಟ್ಟಿಗೆ ಅಂಬುಜಾಕ್ಷಿ ಮೊದಲು ಮಾಡಿದ ಕೆಲಸವೆಂದರೆ ಮೊಬೈಲ್ ಎತ್ತಿ, ಮಾಳಿಗೆಯಲ್ಲಿದ್ದವರನ್ನೂ ಗೊಂಬೆಗಳನ್ನೂ ಸೇರಿಸಿ ಒಂದು ಫೋಟೋ ಹೊಡೆದದ್ದು. ಸೆರಗಿನಿಂದ ಜಾರಿದ ರಾಜರಾಣಿಯರೂ ಅದರ ಮಧ್ಯದಲ್ಲೇ ತೇಲುತ್ತ ಬಂದರು. "ಇದನ್ನ ನಿಮ್ಮಕ್ಕನಿಗೆ ತೋರಿಸ್ತೀನಿ ಇರಿ!" ಎಂದು ರಾಜರಾಣಿಯರನ್ನು ಮತ್ತೆ ಹಿಡಿದು ಸೆರಗಿಗೆ ಕಟ್ಟಿದರು. ಆಗ ಐದಕ್ಕೆ ಹತ್ತು ನಿಮಿಷ. ಅವರು ಪಟ್ಟಾಗಿ ಕೂತು ಒಂದೊಂದೇ ಫೋಟೋ ಕಳಿಸತೊಡಗಿದರು. ಟಿಣ್. ಟಿಣ್. ವಿಮಲಮ್ಮ ಮೇಲಿನಿಂದ ಎಣಿಸುತ್ತಿದ್ದರು. ಕನ್ನಡಕ ಇಲ್ಲದೆ ಯಾವ ಫೋಟೋ ಮೊದಲು, ಯಾವುದು ಆಮೇಲೆ ಎಂದು ಕಾಣುತ್ತಿರಲಿಲ್ಲ. ಮೊಬೈಲಿನ ಸಾಲಿನಲ್ಲಿ ಮೇಲಿನಿಂದ ಹತ್ತು ಒತ್ತಿದರು. ಹತ್ತನೆಯ ಟಿಣ್ ಆದಾಗ ಐದಕ್ಕೆ ಎರಡು ನಿಮಿಷ ಉಳಿದಿತ್ತು.

"ಹೋಯ್ತು ಕಣೇ!" ಎಂದು ವಿಮಲಮ್ಮ ಚಪ್ಪಾಳೆ ತಟ್ಟಿ, ಗಳು ಬಿಟ್ಟು, ಒಂದು ಸುತ್ತು ಉರುಳಿದರು.

"ಸರಿ, ಇನ್ನು ನಮ್ಮನ್ನ ಇಳಿಸು," ಎಂದರು ಶ್ರೀಕಂಠಯ್ಯನವರು. "ಭರಣಿ ಮುಚ್ಚಳ ತೆಗಿ, ಭಾರ ಎಲ್ಲ ವಾಪಸ್ ಬರುತ್ತೆ."

"ಯಾರದ್ದು ಯಾರಿಗೆ ಅಂತ ಅದಕ್ಕೆ ಗೊತ್ತಾಗುತ್ತಾ?"

ಶ್ರೀಕಂಠಯ್ಯನವರ ಮುಖ ಬೆಳ್ಳಗಾಯಿತು. ಲೇಬಲ್ ಇಲ್ಲದ ಒಂದೇ ಒಂದು ಮೂಟೆಯನ್ನೂ ಮೂವತ್ತಮೂರು ವರ್ಷದಲ್ಲಿ ಗಾಡಿಗೆ ಹತ್ತಿಸದಿದ್ದ ಮನುಷ್ಯ, ಈ ಸಲ ಲೇಬಲ್ ಅಂಟಿಸಲು ಮರೆತಿದ್ದರು. "ತಡಿ!" ಎನ್ನುವಷ್ಟರಲ್ಲಿ ಅಂಬುಜಾಕ್ಷಿ ರಾಜರಾಣಿಯರನ್ನು ಮೆಟ್ಟಿಲಲ್ಲಿ ಒಂದು ಕೈಯಿಂದ ಒತ್ತಿ ಕೂರಿಸಿ ಮುಚ್ಚಳ ತೆಗೆದಿದ್ದರು.

ಭರಣಿ ಫಟಾರೆಂದು ಒಡೆಯಿತು. ಭಾರಗಳು ಮನಸ್ಸಿಗೆ ಬಂದವರ ಮೈಮೇಲೆ ಬಿದ್ದವು. ಆನೆ, ಶೆಟ್ಟಿ, ಕನ್ನಡಕ ಹೇಗೋ ಕ್ಷೇಮವಾಗಿ ಇಳಿದವು. ಹಿತ್ತಲಿನ ರುಬ್ಬುಗುಂಡಿಗೆ ವಿಮಲಮ್ಮನ ಎಂಬತ್ತೆರಡು ಕಿಲೋ ಹೋಯಿತು, ಅದು ಚಪ್ಪರದಿಂದ ಬಿದ್ದು ಒರಳನ್ನೇ ಸೀಳಿತು. ರಾಣಿಗೆ ರುಬ್ಬುಗುಂಡಿನ ಹದಿನೆಂಟು ಕಿಲೋ ಬಂತು. ಅವಳು ಮೇಲಿನ ಮೆಟ್ಟಿಲು ಮುರಿದು, ರಾಜನ ಸಮೇತ ಎರಡನೆಯ ಮೆಟ್ಟಿಲಿನಲ್ಲಿ ಗತ್ತಿನಿಂದ ಕೂತಳು, ಸೀರೆಯ ಮಡಿಕೆ ಕೂಡ ಕೆಡಲಿಲ್ಲ. ವಿಮಲಮ್ಮನಿಗೆ ಶ್ರೀಕಂಠಯ್ಯನವರ ಅರವತ್ತೊಂದು ಕಿಲೋ ಸಿಕ್ಕಿತು. ಅವರು ನೆಲಕ್ಕಿಳಿದು ನಾಲ್ಕು ಹೆಜ್ಜೆ ನಡೆದು ನೋಡಿದರು.

"ಮಂಡಿ ನೋವೇ ಇಲ್ಲ ಕಣೇ ಅಂಬುಜಾಕ್ಷಿ!" ಎಂದರು.

"ಅದು ನನ್ನ ತೂಕ! ವಾಪಸ್ ಕೊಡಿ!" ಎಂದು ಮಾಳಿಗೆಯಿಂದ ಶ್ರೀಕಂಠಯ್ಯನವರು ಕೂಗಿದರು. ಅವರ ಪಾಲಿಗೆ ಬಂದಿದ್ದದ್ದು ರಾಣಿಯ ಮುನ್ನೂರು ಗ್ರಾಂ.

"ಭರಣಿ ಒಡೆದುಹೋಯ್ತಲ್ಲ, ಹೆಂಗೆ ಕೊಡಲಿ? ಬರ್ತೀನಿ ಕಣೇ, ಅರಿಶಿನ ಕುಂಕುಮ ಕೊಡು." ವಿಮಲಮ್ಮ ಕುಂಕುಮ ಇಟ್ಟುಕೊಂಡು, ಬಂದ ಕಿಟಕಿಯನ್ನು ಬಿಟ್ಟು ಬಾಗಿಲಿನಿಂದಲೇ ಓಡಿದರು.

ವಿಜಯದಶಮಿಯ ದಿನ ಸಮಾಜದಿಂದ ಈಮೇಲ್ ಬಂತು. ಪ್ರಶಸ್ತಿಪತ್ರ ಲಗತ್ತಿಸಿದೆ ಎಂದು ಬರೆದಿತ್ತು, ಲಗತ್ತಿಸಿರಲಿಲ್ಲ. ಆದರೂ ಅಂಬುಜಾಕ್ಷಿ ಕನ್ನಡಕ ಒರೆಸಿಕೊಂಡು ಮೂರು ಸಲ ಓದಿದರು. ಮೊದಲ ಬಹುಮಾನ! ರಾಣಿಯ ಫೋಟೋ ನಾಳೆಯಿಂದಲೇ ಗೋಡೆಯ ಮೇಲೆ! ಅವರು ಎದ್ದು ಹೋಗಿ ರಾಣಿಯ ಗಲ್ಲ ಮುಟ್ಟಿದರು. ಹತ್ತು ದಿನ ಕೂತವಳನ್ನು ಆ ರಾತ್ರಿ ಮಲಗಿಸಬೇಕಿತ್ತು, ಹದಿನೆಂಟು ಕಿಲೋ ಎತ್ತುವವರಿಲ್ಲ. "ಕೂತಿರು ತಾಯಿ, ನಾಲ್ಕು ಜನ ಬಂದು ನೋಡಲಿ," ಎಂದು ಕಣ್ಣೊರೆಸಿಕೊಂಡರು.

ಶ್ರೀಕಂಠಯ್ಯನವರು ಫ್ಯಾನಿನ ಗಾಳಿಗೆ ಮಾಳಿಗೆಯ ಹತ್ತಿರ ತೇಲುತ್ತ ಪೇಪರ್ ಓದುತ್ತಿದ್ದರು. ಕಾಲಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಹಿತ್ತಲಿನ ರುಬ್ಬುಗುಂಡಿನಲ್ಲಿತ್ತು.

"ತೀರ್ಪುಗಾರರು ಏನಾದ್ರೂ ಬರೆದಿದ್ದಾರಾ?" ಎಂದು ಮೇಲಿನಿಂದ ಕೇಳಿದರು.

ಅಂಬುಜಾಕ್ಷಿ ಗಟ್ಟಿಯಾಗಿ ಓದಿದರು. "'ತೇಲುವ ಗೊಂಬೆಗಳ ಜೋಡಣೆ ಅಪೂರ್ವ. ಎಲ್ಲಕ್ಕಿಂತ ಮೇಲಿರುವ ಮುದುಕ ಮುದುಕಿ ದಂಪತಿ ಗೊಂಬೆಗಳು ಜೀವಂತವಾಗಿವೆಯೋ ಎನ್ನುವಂತಿವೆ. ಮುದುಕ ಗೊಂಬೆಗೆ ಮಾತ್ರ ಒಗೆದ ಬನಿಯನ್ ತೊಡಿಸಬಹುದಿತ್ತು.'"

"ದಂಪತಿ ಅಂದ್ರಾ? ನಾನು, ವಿಮಲಮ್ಮನಾ? ಛೆ! ಅದಿರಲಿ, ಮರ್ಯಾದೆ ಪ್ರಶ್ನೆ, ಒಂದು ಒಗೆದ ಬನಿಯನ್ ಕೊಡೇ."

"ಗಳುವಿನ ಮೇಲಿದೆ," ಎಂದರು ಅಂಬುಜಾಕ್ಷಿ. "ನೀವೇ ತಗೊಳ್ಳಿ, ನಿಮಗೇ ಹತ್ತಿರ."