ಅತ್ತೆಯನ್ನು ಘಾಟಿ ಇಳಿಸಿದ್ದು

ಡಿಸೆಂಬರ್ ಬಂತೆಂದರೆ ನಮ್ಮ ಬೆಂಗಳೂರಿನ ಈ ಕಡೆಯ ಬಡಾವಣೆಗಳಲ್ಲಿ ಯಾರಿಗೂ ಮುಖವಿರುವುದಿಲ್ಲ. ಬೆಳಿಗ್ಗೆ ಯಡಿಯೂರು ಕೆರೆಯ ಹತ್ತಿರ ವಾಕಿಂಗ್ ಬರುವವರನ್ನು ನೋಡಿ. ಗಂಡಸರಾದರೆ ಮಂಕಿ ಕ್ಯಾಪು, ಹೆಂಗಸರಾದರೆ ತಲೆಯಿಂದ ಗಲ್ಲದವರೆಗೆ ಸುತ್ತಿದ ಶಾಲು. ನಡುವೆ ಕಾಣುವುದು ಕನ್ನಡಕ ಮತ್ತು ಮೂಗಿನ ತುದಿ. ಉತ್ತರ ಭಾರತದ ಕಡೆಯವರು ನಮ್ಮನ್ನು ನೋಡಿ ನಗುತ್ತಾರೆ. ನಗಲಿ ಬಿಡಿ, ನಮ್ಮ ನೆಗಡಿ ನಮಗೆ. ಎದುರಿಗೆ ಬಂದವರು ಯಾರೆಂದು ತಿಳಿಯದೆಯೇ "ಏನ್ ಸಾರ್, ಸಖತ್ ಚಳಿ" ಎಂದು ಮುಂದೆ ಹೋಗುವುದು ನನಗೂ ರೂಢಿ. ಅದರಿಂದ ಯಾರಿಗೂ ಏನೂ ತೊಂದರೆಯಾಗಿರಲಿಲ್ಲ, ನಾನು ನಮ್ಮ ಅತ್ತೆಯವರಿಗೆ ಸಮುದ್ರ ತೋರಿಸಲು ಹೊರಡುವವರೆಗೆ.

ಸಮುದ್ರ ಒಂದು ನೆಪ, ಅಸಲಿಗೆ ಪಣಕ್ಕಿದ್ದದ್ದು ನನ್ನ ಮರ್ಯಾದೆ. ತೊಂಬತ್ತರ ದಶಕ ಮುಗಿಯುವ ಹೊತ್ತು. ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಪುಟ್ಟ ಬಿಳಿ ಕಾರು ಕೊಂಡಿದ್ದೆ. ಆಗ ಊರಿನಲ್ಲಿ ಎಲ್ಲರ ಕಾರೂ ಪುಟ್ಟದು, ಎಲ್ಲರದೂ ಬಿಳಿ. ನಮ್ಮ ಅತ್ತೆಯವರು ಹಳೆಯ ಸಂಪ್ರದಾಯದವರು, ಅಳಿಯನೊಂದಿಗೆ ನೇರವಾಗಿ ಮಾತನಾಡುವವರಲ್ಲ. ನಾನು ಎದುರಿಗೇ ಕೂತಿದ್ದರೂ ಹೇಳುವುದನ್ನೆಲ್ಲ ಮಗಳ ಮೂಲಕವೇ ಹೇಳುತ್ತಾರೆ. ಮೊದಲ ಸಲ ಅವರನ್ನು ಕಾರಿನಲ್ಲಿ ಜಯನಗರ ನಾಲ್ಕನೇ ಬ್ಲಾಕಿಗೆ ಕರೆದುಕೊಂಡು ಹೋಗಿ ಬಂದ ದಿನ, "ವತ್ಸಲಾ, ಇನ್ಮೇಲೆ ನಾನು ಬಸ್ಸಲ್ಲೇ ಹೋಗ್ತೀನಿ ಅಂತ ಅಳಿಯಂದ್ರಿಗೆ ಹೇಳು" ಎಂದರು. ಆ ಮಾತು ಸಂಜೆಯೊಳಗೆ ಅವರ ಬಳಗಕ್ಕೆಲ್ಲ ತಲುಪಿತು. ಘಾಟಿಯನ್ನೇ ಇಳಿಸಿ ತೋರಿಸಿ, ಅವರ ಬಾಯಿಂದ "ಪರವಾಗಿಲ್ಲ" ಎಂಬ ಒಂದು ಮಾತು ಹೊರಡಿಸದಿದ್ದರೆ ನಾನು ಆ ಮನೆಯ ಅಳಿಯನೇ ಅಲ್ಲ ಎಂದು ಹಟ ತೊಟ್ಟೆ.

ಸಕಲೇಶಪುರ ದಾಟುವ ಹೊತ್ತಿಗೆ ಮಂಜು ಕವಿದಿತ್ತು. ಅದು ಒಂದೊಂದು ಕಡೆ ಸರಿದಾಗ ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಇನ್ನೊಂದು, ಕೆಳಗೆಲ್ಲೋ ಹೊಳೆಯ ಸದ್ದು. ಅಷ್ಟು ಚೆಂದದ ದಾರಿಯನ್ನು ನಮ್ಮ ಕಾರಿನಲ್ಲಿ ನೋಡುವವರೇ ಇರಲಿಲ್ಲ. ಪಕ್ಕದಲ್ಲಿ ನನ್ನ ಹೆಂಡತಿ ವತ್ಸಲಾ ನಿಂಬೆಹಣ್ಣನ್ನು ಮೂಗಿಗೆ ಹಿಡಿದು, ಮುಖದ ಮೇಲೆ ಟವೆಲು ಹೊದ್ದು, "ಘಾಟಿ ಮುಗಿಯೋವರ್ಗೂ ನನ್ನ ಮಾತಾಡಿಸ್ಬೇಡಿ ರೀ" ಎಂದು ಅಪ್ಪಣೆ ಕೊಟ್ಟಿದ್ದಳು. ಹಿಂದಿನ ಸೀಟಿನಲ್ಲಿ ಅತ್ತೆ ಮರೂನ್ ಶಾಲನ್ನು ಮೂಗಿನವರೆಗೆ ಸುತ್ತಿ, ಕಣ್ಣು ಮುಚ್ಚಿ ಕೂತಿದ್ದರು. ಘಾಟಿಯ ನೆತ್ತಿಯಲ್ಲಿ ಒಂದು ಗೂಡಂಗಡಿ. ಅದರ ಮುಂದೆ ಮಂಜಿನಲ್ಲಿ ಸಾಲಾಗಿ ಕಾರುಗಳು. ಅತ್ತೆ ಕಾಲು ಜೋಮು ಹಿಡಿಯಿತೆಂದು ಇಳಿದರು, ನಾನು ಟೀ ಕುಡಿದು ಬಂದೆ. ಸ್ವಲ್ಪ ಹೊತ್ತಿಗೆ ಹಿಂದಿನ ಬಾಗಿಲು ತೆರೆದು ಮರೂನ್ ಬಣ್ಣದ ಶಾಲೊಂದು ಒಳಗೆ ಬಂದು ಕೂತಿತು. "ಕೂತ್ಕೊಂಡ್ರಾ?" ಎಂದೆ. "ಹ್ಞೂಂ" ಎಂದಿತು. ಹೊರಟೆ.

ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಿ ನ್ಯೂಟ್ರಲ್ಲಿಗೆ ಹಾಕಿದರೆ ಪೆಟ್ರೋಲು ಉಳಿಯುತ್ತದೆ ಎಂದು ಆಫೀಸಿನಲ್ಲಿ ಯಾರೋ ಹೇಳಿಕೊಟ್ಟಿದ್ದರು. ಹಾಗೇ ಮಾಡಿದೆ. ಕಾರು ಸದ್ದಿಲ್ಲದೆ ಜಾರಿತು. ಎಷ್ಟು ನಿಶ್ಶಬ್ದವೆಂದರೆ ಹಿಂದಿನ ಸೀಟಿನ ದೇವರ ನಾಮಗಳು ಒಂದೊಂದೂ ಸ್ಪಷ್ಟವಾಗಿ ಕೇಳುತ್ತಿದ್ದವು. ಮೊದಲು ಮಂಜುನಾಥ, ತಿರುವುಗಳು ಹೆಚ್ಚಿದಂತೆ ಸುಬ್ರಹ್ಮಣ್ಯ, ಎದುರಿಗೆ ಟ್ಯಾಂಕರು ಬಂದಾಗ ಎಲ್ಲರೂ ಒಟ್ಟಿಗೆ. "ಅಳಿಯಂದ್ರಿಗೆ ನಿಧಾನ ಅಂತ ಹೇಳು" ಎಂಬ ಮಾತು ಮಾತ್ರ ಒಂದು ಸಲವೂ ಬರಲಿಲ್ಲ. ಗೆದ್ದೆ ಎಂದುಕೊಂಡೆ.

ಬುಡ ತಲುಪುತ್ತಲೇ ಧಗೆ ಮುಖಕ್ಕೆ ಬಡಿಯಿತು. ಎಳನೀರಿನ ಅಂಗಡಿಯ ಮುಂದೆ ನಿಲ್ಲಿಸಿ, ಹೊಗಳಿಕೆ ಕೇಳಲು ಸಿದ್ಧನಾಗಿ ಹಿಂದಿನ ಬಾಗಿಲು ತೆರೆದೆ. ಅಲ್ಲಿಯವರೆಗೆ ಕಣ್ಣು ಮುಚ್ಚಿಕೊಂಡೇ ಇದ್ದವರು ಇಳಿದು, ಸೆಕೆ ತಾಳದೆ ಶಾಲು ಬಿಚ್ಚಿದರು. ಒಳಗೆ ನಮ್ಮ ಅತ್ತೆ ಇರಲಿಲ್ಲ. ನಾನು ಜನ್ಮದಲ್ಲಿ ನೋಡದ ಒಬ್ಬ ಅಜ್ಜಿ ಇದ್ದರು.

"ಯಾರಪ್ಪಾ ನೀನು? ನನ್ ಮಗ ಎಲ್ಲಿ?" ಎಂದು ಅಜ್ಜಿ ಕಿರುಚಿದರು. ವತ್ಸಲಾ ಟವೆಲು ಕಿತ್ತೆಸೆದು, "ರೀ, ನಮ್ಮಮ್ಮ ಎಲ್ಲಿ?" ಎಂದಳು. ಎಳನೀರಿನವನು ಕತ್ತಿ ಹಿಡಿದುಕೊಂಡೇ ಬಂದು, "ಎಂತ ಮಾರಾಯ್ರೆ ಇದು, ಈ ಅಜ್ಜಿಯನ್ನು ಎಲ್ಲಿಂದ ತಂದದ್ದು?" ಎಂದ. ಆ ಮಂಜಿನಲ್ಲಿ, ಲಾರಿಗಳ ನಡುವೆ ಅತ್ತೆ ಒಬ್ಬರೇ ನಿಂತಿರುವುದು ಕಣ್ಣಿಗೆ ಕಟ್ಟಿತು. ಮೊಬೈಲ್ ನಮ್ಮಂಥವರ ಕೈಗೆ ಬಂದಿರದ ಕಾಲ, ಯಾರಿಗೆಂದು ಫೋನ್ ಮಾಡುವುದು? ನಿಜವಾಗಿಯೂ ಹೆದರಿದೆ. ವತ್ಸಲಾ ಆಗಲೇ ಅಳುತ್ತಿದ್ದಳು. ವಾಪಸ್ ಮೇಲೆ ಹೋಗೋಣ ಹತ್ತಿ ಎಂದರೆ ಅಜ್ಜಿ ಹತ್ತಲೊಲ್ಲರು. "ಈ ಗಾಡೀನ ಮಾತ್ರ ಹತ್ತಲ್ಲ. ಬೇಕಾದ್ರೆ ನಡ್ಕೊಂಡೇ ಹೋಗ್ತೀನಿ."

ಅಷ್ಟರಲ್ಲಿ ಇನ್ನೊಂದು ಬಿಳಿ ಕಾರು, ಇಂಡಿಕೇಟರ್ ಹಾಕಿ, ಮೆಲ್ಲಗೆ ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ನಮ್ಮ ಅತ್ತೆ ಕಿತ್ತಳೆಹಣ್ಣು ಸುಲಿದು ತಿನ್ನುತ್ತಿದ್ದರು. ಓಡಿಸುತ್ತಿದ್ದವರ ಮುಖ ಬಿಳಿಚಿಕೊಂಡಿತ್ತು. "ಸಾರ್, ಈಗ್ತಾನೆ ಇವ್ರು ಶಾಲು ತೆಗೆದ್ರು. ನೋಡಿದ್ರೆ ನಮ್ಮಮ್ಮ ಅಲ್ಲ!" ಎಂದರು. ಎಲ್ಲಿಯವರೆಂದು ಕೇಳಿದರೆ ಇಟ್ಟಮಡು. ನಮ್ಮ ಮನೆಯಿಂದ ಆಟೋದವರು ಬರಲೊಪ್ಪದಷ್ಟು ಹತ್ತಿರ. ಅವರ ತಾಯಿ ಮಗನ ತೋಳು ಹಿಡಿದು, "ಒಂದೊಂದ್ ತಿರುವಿಗೂ ಒಂದೊಂದ್ ಹರಕೆ ಹೊತ್ತಿದ್ದೀನಿ ಕಣೋ, ಎಲ್ಲಾ ತೀರಿಸ್ಬಿಟ್ಟೇ ಊರಿಗೆ ಹೋಗೋದು" ಎಂದರು.

ವತ್ಸಲಾ ತಾಯಿಯನ್ನು ತಬ್ಬಿಕೊಂಡು, "ನಮ್ ಕಾರಲ್ಲ ಅಂತ ಗೊತ್ತಾಗ್ಲಿಲ್ವೇನಮ್ಮಾ?" ಎಂದಳು.

"ಎರಡನೇ ತಿರುವಲ್ಲೇ ಗೊತ್ತಾಯ್ತು ಕಣೆ. ಹೊಟ್ಟೆ ತೊಳಸ್ಲಿಲ್ಲವಲ್ಲ."

"ಮತ್ತೆ ಯಾಕಮ್ಮಾ ಸುಮ್ನಿದ್ದೆ?"

"ಘಾಟಿ ಒಂದು ಮುಗೀಲಿ ಅಂತ."

ಹರಕೆಗಳ ದೆಸೆಯಿಂದ ಎರಡೂ ಸಂಸಾರಗಳು ಒಟ್ಟಿಗೇ ದೇವಸ್ಥಾನಗಳನ್ನು ಸುತ್ತಿ, ಕೊನೆಗೆ ಸಮುದ್ರವನ್ನೂ ನೋಡಿದವು. ಅತ್ತೆಯವರು ಅಲೆಗಳಿಗೆ ಕೈಮುಗಿದು ಸಂತೋಷಪಟ್ಟರು. ಊರಿಗೆ ಹೊರಡುವ ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ಹಿರಿಯರಿಬ್ಬರೂ ಕಣ್ಣು ತೆರೆದುಕೊಂಡೇ, ಮಾತನಾಡುತ್ತ, ಇಟ್ಟಮಡುವಿನವರ ಕಾರು ಹತ್ತಿ ಕೂತರು. ಎರಡೂ ಮನೆಯ ಬ್ಯಾಗುಗಳು ನನ್ನ ಹಿಂದಿನ ಸೀಟಿಗೆ ಬಂದವು. ಹೋಗಲಿ, ಹೆಂಡತಿಯಾದರೂ ಇದ್ದಾಳಲ್ಲ ಎಂದುಕೊಂಡು ಸ್ಟಾರ್ಟ್ ಮಾಡಿದೆ. ವತ್ಸಲಾ ಕಿಟಕಿಯ ಹತ್ತಿರ ಬಂದು ಬಗ್ಗಿ, "ರೀ, ಅವ್ರ ಕಾರಲ್ಲಿ ಇನ್ನೂ ಒಬ್ರಿಗೆ ಜಾಗ ಇದ್ಯಂತೆ" ಎಂದಳು.